ಎರಡು ಕಾಯಿಲೆಯವರ ಒಲೆ

ಚಳಿಗಾಲದಲ್ಲಿ ಮೊಜಾಂಬಿಕ್ ಕಡೆಯಿಂದ ಬೀಸುವ ಚಿಪೆರೋನಿ ಗಾಳಿ ನಮ್ಮ ದಕ್ಷಿಣ ಮಲಾವಿಯ ಚಹಾ ತೋಟಗಳ ಮೇಲೆ ಬಂದು ಕೂತಿತೆಂದರೆ ಸುಮ್ಮನೆ ಏಳುವುದಿಲ್ಲ. ಸೋನೆ, ಮಂಜು, ಮೂಳೆಗಿಳಿಯುವ ಚಳಿ. ಅಂಥದೊಂದು ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಅಡುಗೆ ಷೆಡ್ಡಿನಲ್ಲಿ ಫೈನೆಸಿ ಒದ್ದೆ ಸೌದೆಯ ಜೊತೆ ಜಗಳವಾಡುತ್ತಿದ್ದಳು.

"ಉರಿಯೋದಾದ್ರೆ ಉರಿ. ಇಲ್ದಿದ್ರೆ ಈಗ್ಲೇ ಹೇಳ್ಬಿಡು. ನನ್ನ ತಂಗಿ ಹಸ್ಕೊಂಡು ಮಲಗಿದಾಳೆ, ನಿನ್ನ ಬಿಂಕ ನೋಡ್ತಾ ಕೂರಕ್ಕಾಗಲ್ಲ."

ಸೌದೆ ಉರಿಯಲಿಲ್ಲ. ಹೊಗೆಯಾಡಿತು. ಫೈನೆಸಿಯ ಒಲೆ ಇದ್ದದ್ದು ಷೆಡ್ಡಿನ ತುದಿಯಲ್ಲಿ, ತಗಡು ತೂತಾಗಿ ನೀರು ತೊಟ್ಟಿಕ್ಕುವ ಜಾಗದಲ್ಲಿ. ಮೊನ್ನೆಯವರೆಗೆ ಅವಳಿಗೆ ಒಲೆಯೇ ಬೇಕಿರಲಿಲ್ಲ. ಎಲ್ಲರ ಜೊತೆ ನಡುವಿನ ದೊಡ್ಡ ಒಲೆಯಲ್ಲೇ ಅವಳದೂ ಬೇಯುತ್ತಿತ್ತು.

ನಮ್ಮಲ್ಲಿ ಕಾಯಿಲೆ ಬಿದ್ದವರು ಒಬ್ಬರೇ ಆಸ್ಪತ್ರೆಗೆ ಬರುವುದಿಲ್ಲ. ಹಿಂದೆಯೇ ಪಾತ್ರೆ, ಚಾಪೆ, ಮೆಕ್ಕೆಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು ಆರೈಕೆಗೆ ಒಬ್ಬರು ಬರಲೇಬೇಕು. ನರ್ಸುಗಳು ಸೂಜಿ ಚುಚ್ಚುತ್ತಾರೆ, ಮಾತ್ರೆ ಕೊಡುತ್ತಾರೆ. ಬೇಯಿಸುವುದು, ಒಗೆಯುವುದು, ಎತ್ತಿ ಕೂರಿಸುವುದು, ತುತ್ತು ಬಾಯಿಗಿಡುವುದು ಎಲ್ಲ ಆರೈಕೆಯವರ ಪಾಲು. ಆರೈಕೆಯವರೆಲ್ಲ ಹಿಂದಿನ ಷೆಡ್ಡಿನಲ್ಲಿ ಮಲಗುತ್ತಾರೆ, ಹಿಟ್ಟು ಕೂಡಿಹಾಕಿ ಒಂದೇ ಪಾತ್ರೆಯಲ್ಲಿ ನ್ಸಿಮಾ ಎಂಬ ಮುದ್ದೆ ತಿರುವುತ್ತಾರೆ. ಒಬ್ಬರು ಕುಂಬಳದ ಸೊಪ್ಪು ತಂದರೆ ಇನ್ನೊಬ್ಬರು ಒಣಮೀನು ತರುತ್ತಾರೆ. ಕೈಗೆ ನೀರು ಹನಿಸಿಕೊಂಡು, ಒಂದೇ ತಟ್ಟೆಯ ಸುತ್ತ ಕೂತು, ಮುರಿದು ಅದ್ದಿ ತಿನ್ನುತ್ತಾರೆ. ಆ ತಟ್ಟೆಯಿಂದ ಒಬ್ಬರನ್ನು ಏಳಿಸಿದರೆ ಅವರ ಮುಖಕ್ಕೆ ಉಗಿದ ಹಾಗೆಯೇ.

ಫೈನೆಸಿಯನ್ನು ಏಳಿಸಿದ್ದರು. ಏಳಿಸಿದವಳು ದೊರಿಕಾ. ಷೆಡ್ಡಿನ ಹೆಂಗಸರಿಗೆಲ್ಲ ಅವಳು ಚೇರ್ಮನ್ನಮ್ಮ. ಯಾರೂ ಆರಿಸಿದ್ದಲ್ಲ. ದೊಡ್ಡ ಪಾತ್ರೆ ಅವಳದು, ದೊಡ್ಡ ಗಂಟಲೂ ಅವಳದು. ಚಹಾ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಜೆಲಿಫಾ ಟಿಬಿಯಾಗಿ ಹೆಂಗಸರ ವಾರ್ಡಿನಲ್ಲಿ ಮಲಗಿದ್ದಳು. ಪಕ್ಕದ ಮಂಚದಲ್ಲೇ ಫೈನೆಸಿಯ ತಂಗಿ ಎಸಿನಾತಿ. ಅವಳು ತೋಟದಲ್ಲಿ ಎಲೆ ಕೀಳುವವಳು.

ಆ ವಾರ್ಡಿನಲ್ಲಿ ಕಾಯಿಲೆಯವರಲ್ಲೂ ಮೇಲು ಕೀಳು ಇತ್ತು. ಬರೀ ಟಿಬಿ ಇದ್ದವರು ಒಂದು ಕಾಯಿಲೆಯವರು. ಟಿಬಿಯ ಜೊತೆ ಎಚ್‌ಐವಿಯೂ ಇದ್ದವರು ಎರಡು ಕಾಯಿಲೆಯವರು. ಒಂದೇ ಗಾಳಿಗೆ ಕೆಮ್ಮುತ್ತಾ, ಒಂದೇ ಬಣ್ಣದ ಕಂಬಳಿ ಹೊದ್ದು ಮಲಗಿದ್ದರೂ ಒಂದು ಕಾಯಿಲೆಯವರು ಎರಡು ಕಾಯಿಲೆಯವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಸಾಯುವ ಮಂಚದ ಮೇಲೂ ಮನುಷ್ಯನಿಗೆ ತನಗಿಂತ ಕೆಳಗೊಬ್ಬ ಬೇಕು.

ಎಸಿನಾತಿಗೆ ಎರಡೂ ಇತ್ತು. ಅದನ್ನು ಊರಿಗೆಲ್ಲ ಹೇಳಿದವಳು ಬೇರೆ ಯಾರೂ ಅಲ್ಲ, ಫೈನೆಸಿಯೇ. ಸಂತೆಯಲ್ಲಿ ಟೊಮೇಟೊ ಮಾರುವ ಬಾಯಿ ಅವಳದು, ಮೆಲ್ಲಗೆ ಮಾತಾಡಿ ಗೊತ್ತಿಲ್ಲ. "ನಿನ್ನ ತಂಗಿಗೂ ಬರೀ ಎದೆ ಕಾಯಿಲೆ ತಾನೆ?" ಎಂದು ಯಾರೋ ಕೇಳಿದಾಗ, "ಎರಡೂ ಇದೆ. ಎರಡಕ್ಕೂ ಮಾತ್ರೆ ಇದೆ. ಉಪ್ಪು ಕೊಡಿ ಇತ್ಲಾಗೆ" ಎಂದುಬಿಟ್ಟಿದ್ದಳು.

ಉಪ್ಪು ಬರಲಿಲ್ಲ. ಮಾರನೆಯ ದಿನ ಅವಳ ಪಾತ್ರೆಯ ಹಿಡಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿತ್ತು.

"ಅದಲು ಬದಲಾಗಬಾರ್ದು ಅಂತ ಕಟ್ಟಿದೀನಿ, ಅಷ್ಟೇ" ಎಂದಿದ್ದಳು ದೊರಿಕಾ. "ಬೇಜಾರು ಮಾಡ್ಕೋಬೇಡ. ಎಲ್ಲರ ಮನೇಲೂ ಮಕ್ಳಿದಾವೆ."

ಫೈನೆಸಿ ಪಾತ್ರೆ ಎತ್ತಿಕೊಂಡು ಷೆಡ್ಡಿನ ತುದಿಗೆ ಹೋದಳು. ಜಗಳವಾಡದೆ ಹಾಗೆ ಎದ್ದು ಹೋದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಇವತ್ತು ಅರ್ಧಂಬರ್ಧ ಬೆಂದ ಗಂಜಿಯನ್ನು ಬಟ್ಟಲಿಗೆ ಬಗ್ಗಿಸಿಕೊಂಡು ವಾರ್ಡಿಗೆ ಹೋದಾಗ ಎಸಿನಾತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ವಾರ್ಡು ಉಸಿರುಕಟ್ಟುವ ಹಾಗಿತ್ತು. ಸಿಸ್ಟರ್ ಮಕ್ವಿಂಜಾ ಬೆಳಿಗ್ಗೆ ಬೆಳಿಗ್ಗೆ ಬೈದು ತೆರೆಸುವ ಕಿಟಕಿಗಳನ್ನು, ಸಿಸ್ಟರ್ ಬೆನ್ನು ತಿರುಗಿಸಿದ ಕೂಡಲೇ ಆರೈಕೆಯವರು ಮುಚ್ಚುತ್ತಿದ್ದರು. ಒಡೆದ ಗಾಜಿಗೆ ರಟ್ಟು, ಸಂದಿಗೆ ಹಳೆ ಬಟ್ಟೆ. ತಮ್ಮವರಿಗೆ ಚಿಪೆರೋನಿ ತಾಗಬಾರದೆಂಬ ಪ್ರೀತಿ. ಆ ಪ್ರೀತಿಯಿಂದ ಎಲ್ಲರ ಕೆಮ್ಮನ್ನೂ ಒಳಗೆ ಕೂಡಿಹಾಕಿ ಎಲ್ಲರಿಗೂ ಹಂಚುತ್ತಿದ್ದರು.

"ಏಳೇ, ಗಂಜಿ ಕುಡಿ. ಬರೀ ಹೊಟ್ಟೆಗೆ ಮಾತ್ರೆ ಬಿದ್ರೆ ಮತ್ತೆ ವಾಂತಿ."

"ನಾಳೆ ತೋಟದ ಟ್ರ್ಯಾಕ್ಟರ್ ಈ ಕಡೆ ಬರುತ್ತಂತೆ" ಎಂದಳು ಎಸಿನಾತಿ ಗೋಡೆಗೆ ಹೇಳುವಂತೆ. "ನಾನು ಅದ್ರಲ್ಲಿ ಮನೆಗೆ ಹೋಗ್ತೀನಿ."

"ಮಂಗಳವಾರ ಎರಡನೇ ಕಾಯಿಲೆಯ ಮಾತ್ರೆ ಶುರು. ಆಮೇಲೆ ಸಿಸ್ಟರ್ ಹೇಳಿದಾಗ ಹೋಗು."

"ನನಗೆ ಬೇಡ ಆ ಮಾತ್ರೆ."

"ಸಿಸ್ಟರ್ ಏನಂದ್ರು, ಮರ್ತೋಯ್ತಾ? ಎದೆ ಒಂದಕ್ಕೇ ಔಷಧಿ ತಗೊಂಡು ಇನ್ನೊಂದನ್ನ ಹಾಗೇ ಬಿಟ್ರೆ ಮತ್ತೆ ಇಲ್ಲಿಗೇ ಬಂದು ಬೀಳ್ತೀಯ. ಬರೋವಷ್ಟು ಜೀವ ಇದ್ರೆ."

ಎಸಿನಾತಿ ತಿರುಗಿದಳು. ಕಣ್ಣು ಗುಳಿಬಿದ್ದಿದ್ದವು, ಆದರೆ ಕೋಪ ಬೇಕಾದಷ್ಟಿತ್ತು. "ನಿನ್ನ ಬಾಯಿಂದಾನೇ ಅಕ್ಕ ಇದೆಲ್ಲ. ಸುಮ್ನಿದ್ದಿದ್ರೆ ಏನಾಗ್ತಿತ್ತು? ನಿನ್ನ ಪಾತ್ರೆಗೆ ಅದೇನೋ ಕಟ್ಟಿದಾರಂತೆ. ನನ್ನಿಂದ ನೀನು ಮಳೇಲಿ ಕೂತು ಬೇಯಿಸ್ತಿದೀಯ. ನಂಗೆ ಆ ಗಂಜಿ ಇಳಿಯಲ್ಲ."

"ನೀನು ಕಳ್ಳತನ ಮಾಡಿದೀಯಾ?"

"ಇಲ್ಲ."

"ಮತ್ಯಾಕೆ ಕದ್ದು ಹೋಗ್ತೀಯ?"

ಎಸಿನಾತಿ ಕಂಬಳಿ ಎಳೆದುಕೊಂಡಳು. ಗಂಜಿ ಬಟ್ಟಲಲ್ಲೇ ತಣ್ಣಗಾಯಿತು. ಪಕ್ಕದ ಮಂಚದಲ್ಲಿ ಜೆಲಿಫಾ ಕಣ್ಣು ಮುಚ್ಚಿಕೊಂಡು ಮಲಗಿದ್ದಳು, ಆದರೆ ನಿದ್ದೆ ಮಾಡುತ್ತಿರಲಿಲ್ಲ.

ತಂಗಿಗೆ ಊಟ ಸೇರಬೇಕು, ಮಂಗಳವಾರದವರೆಗೆ ಅವಳು ಇಲ್ಲಿ ಉಳಿಯಬೇಕು. ಫೈನೆಸಿಗೆ ಬೇಕಾದದ್ದು ಇಷ್ಟೇ. ದೊರಿಕಾಳ ಕಾಲಿಗೆ ಬಿದ್ದರೆ ಆಗುತ್ತದೆಯೇ ಎಂದೂ ಒಂದು ಕ್ಷಣ ಯೋಚಿಸಿದಳು. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ದಿನಾ ಬೆಳಿಗ್ಗೆ ಆರೈಕೆಯವರೆಲ್ಲ ವಾರ್ಡಿಗೆ ಹೋಗಿ ಪ್ರಾರ್ಥನೆ ಹಾಡುವುದು ರೂಢಿ. ದೊರಿಕಾ ಎತ್ತಿಕೊಟ್ಟರೆ ಉಳಿದವರು ಹಿಂದೆ. ಮಾರನೆಯ ಬೆಳಿಗ್ಗೆ ಹಾಡು ಶುರುವಾದಾಗ ಷೆಡ್ಡಿನಲ್ಲಿ ಉಳಿದವಳು ಫೈನೆಸಿ ಒಬ್ಬಳೇ. ತಲೆಗೆ ಸುತ್ತಿಕೊಂಡಿದ್ದ ಕೆಂಪು ಬಟ್ಟೆಯನ್ನು ಬಿಚ್ಚಿದಳು. ಒಳ್ಳೆಯ ಬಟ್ಟೆ, ಹಳೆಯದೂ ಅಲ್ಲ. ಹಲ್ಲಲ್ಲಿ ಕಚ್ಚಿ ಪರ್ರನೆ ಹರಿದಳು. ಮೊದಲ ಚೂರು ದೊರಿಕಾಳ ದೊಡ್ಡ ಪಾತ್ರೆಗೆ, ಎರಡು ಗಂಟು ಹಾಕಿ. ಆಮೇಲೆ ಎಲ್ಲರ ಪಾತ್ರೆಗೂ, ಸೌಟುಗಳಿಗೂ, ಚಹಾದ ಕೆಟಲಿಗೂ. ಚೂರು ಇನ್ನೂ ಮಿಕ್ಕಿತ್ತು. ಅಂಗಳಕ್ಕೆ ಹೋಗಿ ಬೋರ್‌ವೆಲ್ ಪಂಪಿನ ಹಿಡಿಗೂ ಒಂದು ಕಟ್ಟಿದಳು. ಆಮೇಲೆ ನ್ಸಿಮಾ ಬೇಯಿಸಿಟ್ಟಿದ್ದ ತನ್ನ ಪಾತ್ರೆಯನ್ನೂ ಸೊಪ್ಪಿನ ಬಟ್ಟಲನ್ನೂ ತಂದು ನಡುವಿನ ಒಲೆಯ ಮೇಲಿಟ್ಟು, ಕೈಕಟ್ಟಿ ಕೂತಳು.

ಹಾಡು ಮುಗಿಸಿ ಬಂದ ಹೆಂಗಸರು ಬಾಗಿಲಲ್ಲೇ ನಿಂತರು.

"ಅಯ್ಯೋ, ನಂದ್ಯಾವ್ದು ಇದ್ರಲ್ಲಿ?" ಎಂದಳೊಬ್ಬಳು.

ಹಿಂದಿನಿಂದ ನುಗ್ಗಿಕೊಂಡು ಬಂದ ದೊರಿಕಾ ಪಾತ್ರೆಗಳನ್ನು ನೋಡಿದಳು, ಫೈನೆಸಿಯ ಬರಿತಲೆಯನ್ನು ನೋಡಿದಳು. "ಏನೇ ಇದು ಹುಡುಗಾಟ?"

"ಹುಡುಗಾಟ ಅಲ್ಲ ಮಾಯಿ, ನಿಮ್ಮದೇ ಕಾನೂನು. ನೀವು ಅರ್ಧಕ್ಕೆ ಬಿಟ್ಟಿದ್ರಿ, ನಾನು ಪೂರ್ತಿ ಮಾಡ್ದೆ. ಆ ಪಂಪನ್ನ ನಾನೂ ಒತ್ತಿದೀನಿ. ಆ ಕೆಟಲ್‌ನಲ್ಲಿ ನಾನೂ ಚಹಾ ಕುಡ್ದಿದೀನಿ. ಹೋದ ವಾರ ನಿಮ್ಮ ಸೌಟಲ್ಲೇ ನ್ಸಿಮಾ ತಿರುವಿದ್ದು ನಾನೇ, 'ಏನ್ ಚೆನ್ನಾಗಿ ತಿರುವ್ತೀಯೇ' ಅಂತ ಹೊಗಳಿದ್ದೂ ನೀವೇ. ಕಟ್ಟೋದಾದ್ರೆ ಎಲ್ಲಕ್ಕೂ ಕಟ್ಬೇಕು ತಾನೆ?"

ಯಾರೋ ಕಿಸಕ್ಕೆಂದರು. ದೊರಿಕಾ ತಿರುಗಿ ನೋಡಿದ್ದೇ ನಗು ನಿಂತಿತು.

"ನಗು ಬರುತ್ತೆ ನಿಮಗೆ" ಎಂದಳು ದೊರಿಕಾ. ಗಂಟಲು ಎಂದಿನಂತೆ ಏರಲಿಲ್ಲ. "ನನ್ನ ತಂಗೀನೂ ಈ ಎರಡನೇ ಕಾಯಿಲೇಲೇ ಹೋದ್ಲು. ಆಗ ಮಾತ್ರೆ ಇರ್ಲಿಲ್ಲ. ತೊಳೆದಿದ್ದು ನಾನು, ಹೊತ್ತಿದ್ದು ನಾನು. ಅವಳು ಹೋದ ಮೇಲೆ ವರ್ಷಗಟ್ಲೆ ನಮ್ಮನೇಲಿ ಯಾರೂ ನೀರು ಕುಡೀಲಿಲ್ಲ. ನನ್ನ ಮಗಳ ಮದುವೆ ಎರಡು ಸಲ ಮುರೀತು. ಮನೇಲಿ ಮೊಮ್ಮಕ್ಕಳಿದಾವೆ. ನಂಗೆ ಭಯ ಆಗ್ಬಾರ್ದೇನೇ?"

ಈ ಹೆಂಗಸಿನ ದುಃಖ ಸುಳ್ಳಲ್ಲ ಎಂದು ಫೈನೆಸಿಗೆ ಕಂಡಿತು. ಆದರೆ ತಂಗಿಯ ಬಟ್ಟಲಿನಲ್ಲಿ ತಣ್ಣಗಾದ ಗಂಜಿಯೂ ಸುಳ್ಳಾಗಿರಲಿಲ್ಲ.

"ಆಗ್ಲಿ ಮಾಯಿ, ಭಯ ಆಗ್ಲಿ" ಎಂದಳು. "ಆದ್ರೆ ಭಯ ಪಡೋದನ್ನ ಸರಿಯಾದ ಕಡೆ ಪಡಿ. ತಟ್ಟೇಲಿ, ಕೈತುತ್ತಲ್ಲಿ ಆ ಕಾಯಿಲೆ ಬರಲ್ಲ ಅಂತ ಸಿಸ್ಟರ್ ಎಷ್ಟು ಸಲ ಹೇಳಿದಾರೆ? ಗಾಳೀಲಿ ಬರೋದು ಎದೆ ಕಾಯಿಲೆ. ಅದು ನನ್ನ ತಂಗಿಗೂ ಇದೆ, ನಿಮ್ಮ ಮಗಳಿಗೂ ಇದೆ. ಅದು ಹೊರಗೆ ಹೋಗೋ ಕಿಟಕಿಗೆ ರಟ್ಟು ತುರುಕೋರು ಯಾರು? ನೀವೇ. ಏನೂ ಮಾಡ್ದಿರೋ ಪಾತ್ರೇನ ಮಳೇಲಿ ಕೂರಿಸ್ತೀರ, ಕೊಲ್ಲೋ ಗಾಳೀನ ಒಳಗೆ ಕೂಡಿಹಾಕಿ ಹಾಡು ಹೇಳ್ತೀರ!"

"ಚಳಿ ಆಗುತ್ತಲ್ಲ ತಾಯಿ, ಅದಕ್ಕೆ ಮುಚ್ಚೋದು" ಎಂದಳು ಮೂಲೆಯಿಂದ ಒಬ್ಬ ಮುದುಕಿ, ಪಾಪ, ನಿಜವಾಗಿಯೂ ವಿವರಿಸುವವಳ ಹಾಗೆ.

"ಚಳಿಗೆ ಕಂಬಳಿ ಇದೆ ಅಜ್ಜಿ. ಕೆಮ್ಮಿಗೆ ಬಾಗಿಲು ಕಿಟಕಿ ಬಿಟ್ರೆ ಬೇರೆ ದಾರಿ ಇಲ್ಲ."

ಗದ್ದಲಕ್ಕೆ ವಾರ್ಡಿನ ಜಗಲಿಗೆ ಕಾಯಿಲೆಯವರೂ ಬಂದು ನಿಂತಿದ್ದರು. ಎಸಿನಾತಿಯೂ ಇದ್ದಳು, ಕೈಯಲ್ಲಿ ಬಟ್ಟೆಯ ಗಂಟು. ಟ್ರ್ಯಾಕ್ಟರಿಗೆ ತಯಾರಾಗಿಯೇ ಎದ್ದಿದ್ದಳು. ಅವಳ ಕಣ್ಣು ಪಾತ್ರೆಯಿಂದ ಪಾತ್ರೆಗೆ ಹೋಯಿತು, ಸೌಟಿಗೆ ಹೋಯಿತು, ಅಂಗಳದಲ್ಲಿ ಕೆಂಪು ಬಾವುಟ ಕಟ್ಟಿಕೊಂಡು ಮಳೆಯಲ್ಲಿ ನೆನೆಯುತ್ತಿದ್ದ ಪಂಪಿಗೆ ಹೋಯಿತು.

"ಪಂಪಿಗೂನಾ ಅಕ್ಕ?" ಎಂದಳು.

"ಅದೂ ನಮ್ಮ ಕೈ ಹಿಡ್ದಿದೆ ಕಣೇ."

ಎಸಿನಾತಿ ನಕ್ಕಳು. ನಕ್ಕು ಕೆಮ್ಮು ಹತ್ತಿತು. ಬಟ್ಟೆಯನ್ನು ಬಾಯಿಗೊತ್ತಿಕೊಂಡು ಕೆಮ್ಮಿದಳು, ಮತ್ತೆ ನಕ್ಕಳು. ಆಸ್ಪತ್ರೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದಳು. ತುದಿಯ ಒಲೆಯ ಕಡೆ ಹೋಗಲಿಲ್ಲ. ನಡುವಿನ ಒಲೆಯ ಮುಂದೆ ಗಂಟನ್ನು ಕೆಳಗಿಟ್ಟು ಅದರ ಮೇಲೆ ಕೂತಳು.

"ಹಸಿವಾಗ್ತಿದೆ, ಬಡಿಸು."

ಫೈನೆಸಿಗೆ ಕಣ್ಣು ತುಂಬಿ ಬಂತು. ಹೊಗೆಯೆಂದು ಬೈದುಕೊಳ್ಳುತ್ತಾ ತಟ್ಟೆ ಹುಡುಕಿದಳು.

"ಚೇರ್ಮನ್ನಮ್ಮ" ಎಂದಳು ಎಸಿನಾತಿ ಅತ್ತ ತಿರುಗದೆ, "ಟ್ರ್ಯಾಕ್ಟರ್‌ನೋನಿಗೆ ಹೋಗು ಅಂತ ಹೇಳ್ಬಿಡಿ. ನಾನು ಬರಲ್ಲ. ಕಾಯಿಲೆ ನಂದು, ಒಪ್ಕೋತೀನಿ. ನಾಚಿಕೆ ನಂದಲ್ಲ, ಅದನ್ನ ಯಾರು ಬೇಕಾದ್ರೂ ಇಟ್ಕೊಳಿ."

ಆಗ ಜಗಲಿಯಿಂದ ಇನ್ನೊಬ್ಬಳು ಇಳಿದು ಬಂದಳು. ಜೆಲಿಫಾ. ಬಂದವಳೇ ಬೋಗುಣಿಯ ನೀರಲ್ಲಿ ಕೈ ತೊಳೆದು, ಎಸಿನಾತಿಯ ಎದುರು ಕೂತು, ತಟ್ಟೆಯಿಂದ ನ್ಸಿಮಾ ಮುರಿದಳು.

"ಏಳೇ ಅಲ್ಲಿಂದ!" ದೊರಿಕಾ ಕಿರುಚಿದಳು. "ತಲೆ ಕೆಟ್ಟಿದ್ಯಾ ನಿಂಗೆ?"

ಜೆಲಿಫಾ ತುತ್ತನ್ನು ಸೊಪ್ಪಿಗೆ ಅದ್ದಿ ಬಾಯಿಗಿಟ್ಟು, ನುಂಗಿ, ಆಮೇಲೆ ಮಾತಾಡಿದಳು. "ನಾನೂ ಎರಡು ಕಾಯಿಲೆಯೋಳೇ ಅವ್ವ."

"ಸುಳ್ಳು. ನಿಂಗೆ ಕಾರ್ಖಾನೆ ಧೂಳು ಕೂತಿರೋದು."

"ನೀನು ಬೇಡ ಅಂದ್ರೂ ನಾನೇ ಸಿಸ್ಟರ್ ಹತ್ರ ಹೋಗಿ ರಕ್ತ ಕೊಟ್ಟೆ. ಇದೆ ಅಂದ್ರು. ಎರಡನೇ ಮಾತ್ರೆ ಕೊಡ್ಬೇಕಾದ್ರೆ ಆರೈಕೆಯವರು ಜೊತೇಲಿ ಬಂದು ಕೂತು ಎಲ್ಲ ಕೇಳ್ಕೋಬೇಕಂತೆ, ಕರ್ಕೊಂಡು ಬಾ ಅಂದ್ರು. ನಂಗೆ ಆರೈಕೆಗೆ ಯಾರೂ ಇಲ್ಲ ಅಂದೆ. ನಿಮ್ಮವ್ವ ಇಲ್ಲೇ ಇದಾರಲ್ಲ ಅಂದ್ರು. ಅವರು ಚೇರ್ಮನ್ನು, ಅವರಿಗೆ ಪುರುಸೊತ್ತಿಲ್ಲ ಅಂದೆ."

ಜೆಲಿಫಾ ತಾಯಿಯ ಕಡೆಯಿಂದ ಮುಖ ತಿರುಗಿಸಿದಳು.

"ಫೈನೆಸಿ ಅಕ್ಕ" ಎಂದಳು ಜೆಲಿಫಾ, "ಮಂಗಳವಾರ ನನ್ನ ಜೊತೇಲೂ ಕೂರ್ತೀಯಾ?"

"ಕೂರ್ತೀನಿ. ಒಬ್ಬಳಿಗೆ ಕೇಳೋದನ್ನ ಇಬ್ಬರಿಗೆ ಕೇಳಿದ್ರೆ ಕಿವಿಯೇನು ಸವೆಯುತ್ತಾ?"

ದೊರಿಕಾ ಆ ಹೊತ್ತು ಊಟ ಮಾಡಲಿಲ್ಲ. ಷೆಡ್ಡಿನ ಮೂಲೆಗೆ ಹೋಗಿ ಚಾಪೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ಒಬ್ಬೊಬ್ಬರಾಗಿ ಹೆಂಗಸರು ನಡುವಿನ ಒಲೆಯ ಸುತ್ತ ಸರಿದುಕೊಂಡರು. ಕೆಲವರು ಹಸಿವಿಗೆ, ಕೆಲವರು ಕುತೂಹಲಕ್ಕೆ, ಮುದುಕಿಯಂತೂ ಚಳಿ ಕಾಯಿಸಿಕೊಳ್ಳಲು. ಒಬ್ಬಿಬ್ಬರು ಬರಲೇ ಇಲ್ಲ, ದೂರದಲ್ಲೇ ತಮ್ಮಷ್ಟಕ್ಕೆ ಬೇಯಿಸಿಕೊಂಡರು. ಎಲ್ಲರೂ ಒಂದೇ ದಿನಕ್ಕೆ ಬದಲಾದರೆಂದು ಹೇಳಿದರೆ ನೀವೂ ನಂಬುವುದಿಲ್ಲ.

ಸಂಜೆ ದೊರಿಕಾ ಮಗಳ ಮಂಚದ ಅಂಚಿನಲ್ಲಿ ಕೂತಳು. ಬಹಳ ಹೊತ್ತು ಕಂಬಳಿಯ ನೂಲು ಕೀಳುತ್ತಿದ್ದಳು.

"ನಂಗೆ ಯಾಕೆ ಹೇಳ್ಲಿಲ್ಲ?" ಎಂದಳು ಕೊನೆಗೆ.

"ಹೇಳ್ಬೇಕು ಅಂತ್ಲೇ ಇದ್ದೆ ಅವ್ವ. ಅವತ್ತು ನೀನು ಷೆಡ್ಡಿಂದ ಬಂದು, ಫೈನೆಸಿ ಪಾತ್ರೆಗೆ ಕೆಂಪು ಬಟ್ಟೆ ಕಟ್ಬಿಟ್ಟೆ, ಇನ್ನು ಭಯ ಇಲ್ಲ ಅಂದೆಯಲ್ಲ, ಅವತ್ತು."

ಅವತ್ತು ಹಾಗೆಂದ ಮೇಲೂ ದೊರಿಕಾ ಮಗಳ ತಟ್ಟೆಯಲ್ಲೇ ತಿಂದಿದ್ದಳು. ಅವಳು ಅರ್ಧ ಬಿಟ್ಟ ತುತ್ತನ್ನು ದಂಡವಾಗಬಾರದೆಂದು ತಾನೇ ಬಾಯಿಗೆ ಹಾಕಿಕೊಂಡಿದ್ದಳು. ಏನೂ ಆಗಿರಲಿಲ್ಲ. ಆ ಬಟ್ಟೆಯ ಚೂರು ಕಾಯಿಲೆಯನ್ನು ತಡೆದಿರಲಿಲ್ಲ, ಮಗಳ ಮಾತನ್ನು ಮಾತ್ರ ತಡೆದಿತ್ತು. ಇದು ಅರ್ಥವಾದಾಗ ದೊರಿಕಾಗೆ ಅಳು ಬಂತು. ತಂಗಿಗಾಗಿ ಅತ್ತ ಅಳುವಿಗಿಂತ ಇದು ಕಹಿಯಾಗಿತ್ತು, ಏಕೆಂದರೆ ಇದಕ್ಕೆ ಬೈಯಲು ಬೇರೆ ಯಾರೂ ಇರಲಿಲ್ಲ.

ಮಾರನೆಯ ದಿನ ಕಿಟಕಿಗಳ ರಟ್ಟು ಕಿತ್ತವಳು ಅವಳೇ. "ಚಳಿ, ಚಳಿ" ಎಂದು ಯಾರೋ ಗೊಣಗಿದ್ದಕ್ಕೆ, "ಚಳಿಯಾದ್ರೆ ಕಂಬಳಿ ಹೊದ್ಕೊಳಿ, ಕೆಮ್ಮು ಹೊದ್ಕೋಬೇಡಿ" ಎಂದು ಗದರಿದಳು. ಆದರೆ ಫೈನೆಸಿಯ ಜೊತೆ ಮಾತಾಡಲಿಲ್ಲ. ಫೈನೆಸಿಯೂ ತಾನಾಗಿ ಹೋಗಿ ಮಾತಾಡಿಸುವ ಜಾತಿಯವಳಲ್ಲ.

ಮಂಗಳವಾರ ಬಂತು. ಎರಡನೆಯ ಮಾತ್ರೆ ಕೊಡುವ ಕೋಣೆ ಆಸ್ಪತ್ರೆಯ ಮುಂಭಾಗದಲ್ಲಿತ್ತು. ಅದರ ಜಗಲಿಯ ಬೆಂಚು ರಸ್ತೆಗೇ ಮುಖ. ಎದುರಿಗೆ ಮಿನಿಬಸ್ ನಿಲ್ಲುವ ಜಾಗ, ತೋಟಕ್ಕೆ ಹೋಗುವವರು, ಚರ್ಚಿಗೆ ಹೋಗುವವರು ಎಲ್ಲ ಅಲ್ಲೇ ಹಾಯಬೇಕು. ಹಾಗಾಗಿ ಬೆಂಚಿನ ಮೇಲೆ ಕೂತವರು ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ, ಇಲ್ಲವೇ ಹೊದ್ದ ಬಟ್ಟೆಯನ್ನು ಕಣ್ಣಿನವರೆಗೆ ಎಳೆದುಕೊಳ್ಳುತ್ತಾರೆ. ಎಸಿನಾತಿ ರಸ್ತೆಯನ್ನೇ ನೋಡುತ್ತಾ ಕೂತಿದ್ದಳು. ಗುರುತಿನ ಒಬ್ಬ ಹೆಂಗಸು ಹಾದುಹೋದಾಗ, "ಚೆನ್ನಾಗಿದೀರಾ?" ಎಂದು ಅವಳೇ ಮೊದಲು ಕೇಳಿದಳು. ಅವಳ ಪಕ್ಕದಲ್ಲಿ ಜೆಲಿಫಾ ಕಣ್ಣು ಮಾತ್ರ ಕಾಣುವ ಹಾಗೆ ಮುಸುಕು ಹಾಕಿಕೊಂಡಿದ್ದಳು. ಷೆಡ್ಡಿನಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದವಳಿಗೆ ರಸ್ತೆಯ ಎದುರು ಧೈರ್ಯ ಕುಸಿದಿತ್ತು.

ಮೊದಲು ಎಸಿನಾತಿಯ ಸರದಿ. ಫೈನೆಸಿ ಜೊತೆಯಲ್ಲಿ ಹೋಗಿ, ಯಾವ ಹೊತ್ತಿಗೆ, ಎಷ್ಟು, ತಪ್ಪಿದರೆ ಏನು ಎಂದೆಲ್ಲ ಕೇಳಿಕೊಂಡು, ತಂಗಿ ಮೊದಲ ಮಾತ್ರೆ ನುಂಗುವುದನ್ನು ಬಾಯಿ ತೆರೆಸಿ ನೋಡಿ, ಹೊರಗೆ ಬಂದು ಬೆಂಚಿನ ಮೇಲೆ ಕೂತಳು.

ಸಿಸ್ಟರ್ ಮಕ್ವಿಂಜಾ ಬಾಗಿಲಲ್ಲಿ ನಿಂತು, ಅಲ್ಲಿಯ ವಾಡಿಕೆಯಂತೆ ಮೆಲ್ಲಗೆ ಕರೆದರು. "ಜೆಲಿಫಾ. ಆರೈಕೆಯವರು ಯಾರು?"

ಫೈನೆಸಿ ಎದ್ದಳು.

"ಕೂತ್ಕೊಳೇ, ಟೊಮೇಟೊ ಮಾರೋಳೆ!"

ಅಂಗಳದ ಆಚೆಯಿಂದ ದೊರಿಕಾ ಬರುತ್ತಿದ್ದಳು. ಭಾನುವಾರದ ಚರ್ಚಿನ ಬಿಳಿ ರವಿಕೆ ತೊಟ್ಟಿದ್ದಳು, ತಲೆಗೆ ಇಸ್ತ್ರಿ ಮಾಡಿದ ಬಟ್ಟೆ. ಮಿನಿಬಸ್ಸಿಗೆ ಕಾಯುತ್ತಿದ್ದವರಲ್ಲಿ ಅವಳ ಚರ್ಚಿನ ಹೆಂಗಸರೂ ಇದ್ದರು, ಅವರೆಲ್ಲ ಕತ್ತು ತಿರುಗಿಸಿದರು. ಅವರು ನೋಡುತ್ತಿದ್ದಾರೆಂದು ದೊರಿಕಾಗೆ ಗೊತ್ತಿತ್ತು. ನಡಿಗೆ ನಿಧಾನವಾಗಲಿಲ್ಲ.

"ನಿನ್ನ ತಂಗೀನ ನೋಡ್ಕೊಂಡಿದ್ದು ಸಾಕು. ಇವಳನ್ನ ಹೆತ್ತೋಳು ನಾನು" ಎಂದು ಫೈನೆಸಿಯ ಹೆಗಲೊತ್ತಿ ಕೂರಿಸಿದಳು. ಆ ಕೈ ಹೆಗಲ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು.

"ಒಳಗೆ ಬನ್ನಿ ಮಾಯಿ" ಎಂದರು ಸಿಸ್ಟರ್, ಇನ್ನೂ ದನಿ ತಗ್ಗಿಸಿ. "ನಿಮ್ಮ ರೋಗಿಗೆ ಏನು ಕಾಯಿಲೆ ಅಂತ ಗೊತ್ತು ತಾನೆ?"

"ಗೊತ್ತು" ಎಂದಳು ದೊರಿಕಾ, ಬೆಳಗಿನ ಹಾಡು ಎತ್ತಿಕೊಡುವ ಅದೇ ಗಂಟಲಿನಲ್ಲಿ. ಮಿನಿಬಸ್ಸಿನ ಕಂಡಕ್ಟರ್ ಕೂಡ ಕೂಗುವುದನ್ನು ನಿಲ್ಲಿಸಿ ತಿರುಗಿ ನೋಡಿದ. "ಎರಡು ಕಾಯಿಲೆ. ಎರಡಕ್ಕೂ ಔಷಧಿ ಕೊಡಿ. ನಂಗೆ ಮರೆವು ಜಾಸ್ತಿ, ಎರಡೆರಡು ಸಲ ಹೇಳಿ."

ಆಮೇಲೆ ಬೆಂಚಿನ ಕಡೆ ತಿರುಗಿ, ಇನ್ನೂ ಮುದುಡಿ ಕೂತಿದ್ದ ಮಗಳ ಮುಖದ ಮುಂದೆ ಕೈ ಚಾಚಿದಳು.

"ಮುಖ ಮುಚ್ಕೊಂಡ್ರೆ ಮಾತ್ರೆ ಹೆಂಗೇ ನುಂಗ್ತೀಯ? ತೆಗಿ ಆ ಬಟ್ಟೆ, ಏಳು."